ಪಾದ್ರಿಯಮ್ಮನ ಕನ್ನಡ

ಪಾದ್ರಿಯಮ್ಮ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳು ಕಳೆದ ಮೇಲೆ. ಹುಬ್ಬಳ್ಳಿಯ ಪೇಟೆಯಲ್ಲಿ ಸಿಕ್ಕ ಯಲ್ಲಾಪುರದ ಹಳೆಯ ಪರಿಚಯದವರೊಬ್ಬರು ಬೇರೇನೋ ಮಾತಾಡುತ್ತ, "ನಿಮ್ಮ ಪಾದ್ರಿಯಮ್ಮ ಹೋದ್ರಂತೆ, ಅವರ ದೇಶದಲ್ಲಿ" ಎಂದರು. ಅವರ ಗಂಡ ಪಾದ್ರಿ ದೊರೆಗಳು ಅವರಿಗಿಂತ ಬಹಳ ಮೊದಲೇ, ಊರಿಗೆ ಮರಳಿದ ಎರಡನೆಯ ಚಳಿಗಾಲದಲ್ಲಿ ಹೋಗಿದ್ದರು. ಆಮೇಲೆ ಅಮ್ಮ ಮಗಳ ಮನೆಯಲ್ಲಿದ್ದರಂತೆ. ಹೇಳಿದವರಿಗೂ ಅಷ್ಟೇ ಗೊತ್ತಿತ್ತು. ನಾನು ಕೊಂಡ ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ, ಅಡಿಗೆ ಮಾಡಿದೆ, ಬಡಿಸಿದೆ. ಕೈ ಬಿಡುವಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು ಅವರ ಮುಖ ನೆನೆಸಿಕೊಳ್ಳಲು ನೋಡಿದೆ. ಮುಖಕ್ಕಿಂತ ಮೊದಲು ಧ್ವನಿಯೇ ಬಂತು.

ನಾನು ಮದುವೆಯಾಗಿ ಯಲ್ಲಾಪುರಕ್ಕೆ ಬಂದದ್ದು ಸಾವಿರದ ಒಂಬೈನೂರ ಮೂವತ್ತರ ನಂತರದ ವರ್ಷಗಳಲ್ಲಿ. ನಮ್ಮವರು ಜಂಗಲ್ ಖಾತೆಯಲ್ಲಿ ಕಾರಕೂನರು. ನನ್ನ ತವರು ಹಾವೇರಿಯ ಕಡೆ. ದೂರದಲ್ಲಿ ಬರುವವರು ಯಾರೆಂದು ಅಂಗಳದಲ್ಲಿ ನಿಂತೇ ತಿಳಿಯುವಂಥ ಬಯಲು. ಯಲ್ಲಾಪುರದಲ್ಲಿ ಮನೆಯ ಹಿಂದೆಯೇ ಕಾಡು. ನಾನು "ಬರ್ರಿ", "ಹೌದ್ರಿ" ಎಂದರೆ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುವರು. ಅವರ "ಎಂತ", "ಇಲ್ಲೆ" ಮೊದಮೊದಲು ನನಗೆ ಅರ್ಥವಾಗುತ್ತಿರಲಿಲ್ಲ. ಕನ್ನಡ ನಾಡಿನೊಳಗೇ ಇದ್ದು ಮಾತಿಗೆ ಮುಜುಗರಪಟ್ಟುಕೊಂಡು ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಕಿರವತ್ತಿಗೆ ಹೋಗುವ ರಸ್ತೆಯ ಮೇಲೆ ನಮ್ಮ ಬಾಡಿಗೆ ಮನೆ. ಎದುರಿಗೆ, ಕಲ್ಲಿನ ಗೋಡೆಯಾಚೆ, ಪಾದ್ರಿ ಬಂಗಲೆ.

ಅಮ್ಮ ನನ್ನೊಡನೆ ಆಡಿದ ಮೊದಲ ಮಾತು ಇದು: "ಏ, ಬಾ. ಹೂ ತಕೋ."

ಗೋಡೆಯ ಆಚೆ ನಿಂತು, ಒಂದು ಹಿಡಿ ಗುಲಾಬಿ ಚಾಚಿದ್ದರು. ಎತ್ತರದ ಆಳು, ತೆಳು ಮೈ, ಬಿಸಿಲಿಗೆ ಕೆಂಪಾದ ಕೈಗಳು. ವಯಸ್ಸು ಅರವತ್ತರ ಹತ್ತಿರ. ಕೋಪದಲ್ಲಿದ್ದಾರೆಂದು ನಾನು ಹೆದರಿದೆ. ಆಮೇಲೆ ತಿಳಿಯಿತು, ಅವರಿಗೆ ಗೊತ್ತಿದ್ದ ಕನ್ನಡವೇ ಅಷ್ಟು ಎಂದು. ಬಾ, ಹೋಗು, ಇಡು, ಬೇಡ, ಬಿಸಿನೀರು, ಎಷ್ಟು, ಸುಳ್ಳು ಹೇಳಬೇಡ. ಅಡಿಗೆಯವನಿಗೂ ತೋಟದ ಆಳಿಗೂ ಹೇಳಬೇಕಾದ ಮಾತುಗಳನ್ನು ಬಿಟ್ಟರೆ ಬೇರೆ ಇರಲಿಲ್ಲ. ಒಮ್ಮೆ ಮಾಮಲೇದಾರ ಸಾಹೇಬರು ಬಂಗಲೆಗೆ ಬಂದಾಗ ಅವರು ಬಾಗಿಲಲ್ಲಿ ನಿಂತು, ಮುಖದ ತುಂಬ ನಗು ತಂದುಕೊಂಡು, "ಬಾ, ಕೂತುಕೋ" ಎಂದರಂತೆ. ಮಾಮಲೇದಾರರು ಕೂತರು. ಊರಲ್ಲಿ ಈ ಸಂಗತಿ ಬಹಳ ದಿನ ಓಡಾಡಿತು.

ದೊರೆಗಳ ಮಾತು ಇದಕ್ಕೆ ಪೂರಾ ಉಲ್ಟಾ. ಅವರು ವಯಸ್ಸಿನಲ್ಲಿದ್ದಾಗ ಬಹಳ ವರ್ಷ ಸಿದ್ದಾಪುರದಲ್ಲಿದ್ದರು. ಅಲ್ಲಿಯ ಜಗಲಿಗಳ ಮೇಲೆ ಕೂತು, ಎಲೆಯಡಿಕೆಯ ಕವಳ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಆ ಜನರಿಂದ ಕಲಿತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಒಳಗೆ ಯಾರೋ ಹೆಗಡೆಯವರು ಬಂದಿದ್ದಾರೆ ಅನ್ನಬೇಕು. ಸಂತೆಯ ದಿನ ರಸ್ತೆಯಲ್ಲಿ ನಿಂತರೆ ಅವರ ಸುತ್ತ ಜನ ಸೇರುತ್ತಿತ್ತು. ಅವರ ದೇವರ ಮಾತು ಕೇಳಲಿಕ್ಕಲ್ಲ. ಆ ಬಿಳಿ ಗಡ್ಡದಿಂದ ಅಂಥ ಕನ್ನಡ ಬರುವುದನ್ನು ನೋಡಲಿಕ್ಕೆ. ಅವರ ಮತಕ್ಕೆ ಸೇರಿದವರು ಯಲ್ಲಾಪುರದಲ್ಲಿ ಬೆರಳೆಣಿಕೆಯ ಮನೆಯವರು. ಅದು ಕರನಿರಾಕರಣೆಯ ಗಲಾಟೆ ನಡೆದು ಹೋದ ಕಾಲ. ಬಿಳಿಯರ ಅಂಗಳಕ್ಕೆ ಹೋಗುವುದೆಂದರೆ ಜನ ಹಿಂದೆಮುಂದೆ ನೋಡುತ್ತಿದ್ದರು. ದೊರೆಗಳೊಡನೆ ರಸ್ತೆಯಲ್ಲಿ ನಕ್ಕು ಮಾತಾಡುತ್ತಿದ್ದವರು ಗೇಟಿನೊಳಗೆ ಕಾಲಿಡುತ್ತಿರಲಿಲ್ಲ.

ಹೀಗಾಗಿ ಮಾತೆಲ್ಲ ಗೇಟಿನ ಹೊರಗೇ ಮುಗಿಯುತ್ತಿತ್ತು. ಅಮ್ಮ ಗೇಟಿನ ಒಳಗಿದ್ದರು.

ನಮ್ಮ ಕಿಟಕಿಯಿಂದ ಅವರ ದಿನವೆಲ್ಲ ಕಾಣುತ್ತಿತ್ತು. ಬೆಳಿಗ್ಗೆ ಇಬ್ಬರೂ ಜಗಲಿಯ ಮೇಲೆ ಕೂತು ಚಹಾ ಕುಡಿಯುವರು. ಒಂದಿಷ್ಟು ಓದು, ಪ್ರಾರ್ಥನೆ. ಜ್ವರದವರು ಬಂದರೆ ಅಮ್ಮ ಕ್ವಿನೈನು ಕೊಡುವರು. ನುಂಗಿದ್ದಾರೋ ಇಲ್ಲವೋ ಎಂದು ಬಾಯಿ ತೆಗೆಸಿ ನೋಡುವರು. ದೊರೆಗಳು ಸೈಕಲ್ ಹತ್ತಿ ಹಳ್ಳಿಗಳ ಕಡೆ ಹೋದರೆಂದರೆ ಮುಗಿಯಿತು. ಅಮ್ಮ ದೀಪದ ಬುರುಡೆಗಳನ್ನು ತಾವೇ ಒರೆಸುವರು. ತಗಡಿನ ಪೆಟ್ಟಿಗೆಯ ಕೆಳಗೂ ಮೇಲೂ ಕೆಂಡ ಹಾಕಿ ರೊಟ್ಟಿ ಬೇಯಿಸುವರು. ಗುಲಾಬಿ ಗಿಡಗಳ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳುವರು. ಹುಬ್ಬಳ್ಳಿಯ ಮೋಟಾರು ಟಪಾಲು ತರುವ ಹೊತ್ತಿಗೆ ಒಳ್ಳೆಯ ಬಟ್ಟೆ ತೊಟ್ಟು ಜಗಲಿಗೆ ಬರುವರು. ಟಪಾಲು ಇಲ್ಲದ ದಿನವೂ ಅಷ್ಟೇ. ಸಂಜೆ ದೊರೆಗಳು ಬಂದ ಮೇಲೆ ಇಬ್ಬರೂ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡುವರು. ದಿನವೆಲ್ಲ ಊರಿನವರೊಡನೆ ಮಾತಾಡಿ ಬಂದ ಅವರಿಗೆ ಮನೆಯಲ್ಲಿ ಆಡಲು ಹೆಚ್ಚು ಮಾತು ಉಳಿದಿರುತ್ತಿರಲಿಲ್ಲ.

ಅವರಿಗೆ ಇಬ್ಬರು ಮಕ್ಕಳಾಗಿದ್ದರು. ಮಗಳು ಅವರ ದೇಶದಲ್ಲಿ, ಮದುವೆಯಾಗಿ. ಮಗ ಸಿದ್ದಾಪುರದ ಮಣ್ಣಿನಲ್ಲಿ. ಇದನ್ನು ನನಗೆ ಹೇಳಿದ್ದು ಬಂಗಲೆಯ ಅಡಿಗೆಯವನ ಹೆಂಡತಿ. ಮಗಳನ್ನು ಓದಿಗೆಂದು ಹಡಗು ಹತ್ತಿಸಲು ಅಮ್ಮ ಮುಂಬಯಿಗೆ ಹೋಗಿದ್ದಾಗ ನಾಲ್ಕು ವರ್ಷದ ಹುಡುಗನಿಗೆ ಜ್ವರ ಬಂತಂತೆ. ಅಮ್ಮ ಮುಂಬಯಿಯ ಹಡಗಿನಿಂದ ಕುಮಟೆಯಲ್ಲಿಳಿದು, ಗಾಡಿಯಲ್ಲಿ ಘಟ್ಟ ಹತ್ತಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಲ್ಲಿಯವರೆಗೆ ಅಮ್ಮ ಒಬ್ಬ ಪಂಡಿತರಿಂದ ಕನ್ನಡ ಕಲಿಯುತ್ತಿದ್ದರು. ಆಮೇಲೆ ಪಂಡಿತರಿಗೆ ಬರಬೇಡವೆಂದು ಹೇಳಿ ಕಳಿಸಿದರು.

ನಾನು ಬಂದ ಎರಡನೆಯ ವರ್ಷ ಸುಗ್ಗಿಯ ದಿನಗಳಲ್ಲಿ, ಬೆಳಗಿನ ಚಹಾದ ಹೊತ್ತಿಗೆ, ದೊರೆಗಳ ಕೈಯಿಂದ ಬಟ್ಟಲು ಜಾರಿತು. ಅಮ್ಮ ಗೇಟಿಗೆ ಬಂದು ನಮ್ಮ ಮನೆಯ ಕಡೆ ಕೈ ಮಾಡಿ ಕರೆದರು. ನಾನೂ ನಮ್ಮವರೂ ಓಡಿದೆವು. ದೊರೆಗಳ ಬಾಯಿ ಒಂದು ಕಡೆ ಎಳೆದುಕೊಂಡಿತ್ತು, ಬಲಗೈ ಬಿದ್ದಿತ್ತು. ನಮ್ಮವರು ಪೇಟೆಗೆ ಹೋಗಿ ಕರೀಂ ಸಾಹೇಬರಿಗೆ ಹೇಳಿದರು. ಊರಲ್ಲಿ ಬಾಡಿಗೆ ಮೋಟಾರು ಇದ್ದದ್ದು ಅವರದೇ. ಸಾಹೇಬರು ನಾಷ್ಟಾವನ್ನು ಅರ್ಧಕ್ಕೆ ಬಿಟ್ಟು ಶಿರಸಿಗೆ ಹೋಗಿ ಡಾಕ್ಟರರನ್ನು ಕರೆತಂದರು. ಅಲುಗಾಡಿಸಬೇಡಿ, ದೇವರು ನಡೆಸಿದಂತೆ ಆಗಲಿ ಎಂದು ಹೇಳಿ ಡಾಕ್ಟರರು ಮರಳಿದರು.

ಜೀವಕ್ಕೆ ಅಪಾಯವಾಗಲಿಲ್ಲ. ಕೆಲವು ದಿನಗಳಾದ ಮೇಲೆ ಕಾಲಿಗೆ ಸ್ವಲ್ಪ ಬಲ ಬಂತು, ನಾಲಿಗೆಯೂ ತಿರುಗಿತು. ನಾನು ಗಂಜಿ ತೆಗೆದುಕೊಂಡು ಹೋದ ದಿನವೇ ಅದು ಆದದ್ದು. ದೊರೆಗಳು ಕಣ್ಣು ತೆರೆದು ಅಡಿಗೆಯವನನ್ನು ನೋಡಿ, "ನೀರು ಕೊಡು ಮಾರಾಯ" ಎಂದರು. ತೊದಲು ಇತ್ತು, ಆದರೆ ಸ್ಪಷ್ಟವಾಗಿ ತಿಳಿಯಿತು. ಅಮ್ಮ ಅವರ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೇನೋ ಹೇಳತೊಡಗಿದರು, ನಗುತ್ತ, ಅಳುತ್ತ. ದೊರೆಗಳು ಅವರ ತುಟಿಗಳನ್ನೇ ನೋಡಿದರು. ಆಚೆ ಮನೆಯಲ್ಲಿ ಯಾರೋ ಮಾತಾಡುವುದನ್ನು ಗೋಡೆಯ ಮೂಲಕ ಕೇಳುವವರ ಹಾಗೆ.

"ಅಮ್ಮ, ನೀವು ಹೇಳೂದು ತಿಳೀತಿಲ್ಲೆ" ಎಂದರು.

ಅಮ್ಮ ನನ್ನ ಕಡೆ ತಿರುಗಿದರು. "ಏನು ಹೇಳಿದ?"

ನಾನು ಗಂಜಿಯ ಪಾತ್ರೆ ಕೆಳಗಿಟ್ಟು, "ತಿಳೀವಲ್ದಂತರಿ" ಎಂದೆ.

ಇಂಗ್ಲಿಷು ಪೂರಾ ಹೋಗಿತ್ತು. ಡಾಕ್ಟರರು ಇನ್ನೊಮ್ಮೆ ಬಂದು, ಹೀಗೂ ಆಗುವುದುಂಟು, ಹೆಚ್ಚು ಬಳಸಿದ ಭಾಷೆ ಉಳಿದುಕೊಂಡಿದೆ, ಇನ್ನೊಂದು ಬಂದರೂ ಬಂದೀತು ಎಂದರು. ಅದು ಬರಲಿಲ್ಲ. ಅವರ ಬುದ್ಧಿ ಚೆನ್ನಾಗಿಯೇ ಇತ್ತು. ಹೆಂಡತಿ ಯಾರು, ಮಗಳು ಎಲ್ಲಿದ್ದಾಳೆ, ಯಾವುದನ್ನೂ ಮರೆತಿರಲಿಲ್ಲ. ಆದರೆ ಹೆಂಡತಿಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಅವರು ಆಕೆಯನ್ನು ಯಾವಾಗಲೂ ಜನರ ಮುಂದೆ "ಅಮ್ಮ" ಎಂದೇ ಹೇಳಿದ್ದರು, ಅಮ್ಮ ಔಷಧ ಕೊಡ್ತಾರೆ, ಅಮ್ಮನ ಹತ್ರ ಹೋಗಿ, ಎಂದು. ಈಗ ಉಳಿದದ್ದು ಅದೊಂದೇ. ಕ್ವಿನೈನಿಗೆ ಬಂದವರು ಕರೆಯುವ ಹಾಗೆ ಗಂಡನೂ ಅಮ್ಮ, ನೀವು ಎಂದು ಕರೆಯತೊಡಗಿದರು.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅಮ್ಮ ನಮ್ಮ ಮನೆಗೆ ಬಂದರು. ಅದುವರೆಗೆ ಅವರು ರಸ್ತೆ ದಾಟಿ ಬಂದವರಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆ ಕಡೆ ಮನೆಯ ಹೆಂಗಸರನ್ನು ಕರೆಯುವ ಹಾಗೆ, "ಬಾಯಿ, ಕನ್ನಡ ಕೊಡು" ಎಂದರು.

ನಾನು ಕನ್ನಡ ಶಾಲೆ ನಾಲ್ಕನೆಯ ಇಯತ್ತೆ ಓದಿದವಳು. ಓಣಿಯವರು ನಗುವ ಕನ್ನಡ ನನ್ನದು. ಪಂಡಿತರು ಯಾರಾದರೂ ಸಿಗುತ್ತಾರೆ, ಹೇಳಿ ಕಳಿಸುತ್ತೇವೆ ಎಂದೆ. ಅವರು ಬೇಡ ಎಂದು ಕೈಯಾಡಿಸಿದರು. "ಪಂಡಿತ ಬೇಡ. ಹೆಂಡತಿ ಬೇಕು. ಗಂಡನ ಹತ್ತಿರ ಮಾತು, ಅದು ಬೇಕು."

ಹಾಗೆ ಮಧ್ಯಾಹ್ನದ ಪಾಠ ಸುರುವಾಯಿತು. ನಾನು ಅಕ್ಕಿ ಆರಿಸುತ್ತ ಕೂರುತ್ತಿದ್ದೆ, ಅವರು ಎದುರಿಗೆ ಮಣೆಯ ಮೇಲೆ ಮೊಣಕಾಲು ಕಟ್ಟಿಕೊಂಡು ಕೂರುತ್ತಿದ್ದರು.

"ನಿನ್ನ ಗಂಡ ಬರ್ತಾನೆ. ನೀನು ಏನು ಹೇಳ್ತಿ?"

"ಕೈಕಾಲು ತೊಳ್ಕೊಳ್ರಿ ಅಂತೀನ್ರಿ."

"ಆಮೇಲೆ?"

"ಊಟಕ್ಕ ಏಳ್ರಿ ಅಂತೀನಿ."

"ಆಮೇಲೆ?"

"ಆಮ್ಯಾಲೆ ಏನೂ ಇಲ್ರಿ."

ಅವರು ನನ್ನನ್ನು ನಂಬಲಿಲ್ಲ. ಎದೆಯ ಮೇಲೆ ಕೈಯಿಟ್ಟು, "ಅವನು ನಿನಗೆ ಇಷ್ಟ. ಹೇಗೆ ಹೇಳ್ತಿ?" ಎಂದರು.

ನಾನು ನಕ್ಕೆ. ಆಮೇಲೆ ನಗು ನಿಂತಿತು. "ಹೇಳೂದಿಲ್ರಿ" ಎಂದೆ.

ಅವರು ಹೋದ ಮೇಲೂ ಅದೇ ತಲೆಯಲ್ಲಿ ಉಳಿಯಿತು. ಮದುವೆಯಾಗಿ ಇಷ್ಟು ದಿನ ನಾವಿಬ್ಬರೂ ಏನು ಮಾತಾಡಿದ್ದೇವೆ? ಆ ಸಂಜೆ ನಮ್ಮವರು ಆಫೀಸಿನಿಂದ ಬಂದರು. ನಾನು ಕಿವಿಗೊಟ್ಟು ಕೂತೆ. ಊಟ ಮಾಡಿದರು, ಕೈ ತೊಳೆದರು. ನಾನು ಪಾತ್ರೆ ಎತ್ತುವಾಗ, "ದಣದೀಯೇನು? ಬಿಡು, ಬೆಳಿಗ್ಗೆ ತೊಳದ್ರಾತು" ಎಂದರು. ಇದನ್ನು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರು. ಕೇಳಿಸಿಕೊಂಡದ್ದು ಆ ದಿನ.

ಮರುದಿನ ಅಮ್ಮನಿಗೆ ಅದನ್ನೇ ಕಲಿಸಿದೆ. ದಣಿವಾತೇನ್ರಿ. ನೆಳ್ಳಾಗ ಕೂಡ್ರಿ. ಸ್ವಲ್ಪ ಉಣ್ರಿ, ನನ್ನ ಸಲುವಾಗಿ. ನಮ್ಮೊಳಗೆ ಹೇಳುವುದನ್ನೆಲ್ಲ ಹೀಗೆಯೇ ಹೇಳುತ್ತೇವೆ, ಬೇರೆ ಮಾತಿಲ್ಲ ಎಂದೆ. ಅವರು ಒಂದೊಂದನ್ನೂ ಬಾಯಲ್ಲಿ ಹೊರಳಿಸಿ ನೋಡಿದರು.

ಸಂಜೆ ಬಂಗಲೆಯ ಜಗಲಿಯಲ್ಲಿ ಅಮ್ಮ ಗಂಡನ ಕುರ್ಚಿಯ ಪಕ್ಕ ಬಗ್ಗಿ, "ದಣಿವಾತೇನ್ರಿ?" ಎಂದರು. ದೊರೆಗಳು ಕತ್ತೆತ್ತಿ ನೋಡಿದರು. ಎಳೆದ ಬಾಯಲ್ಲೇ ನಗು ಬಂತು. ನನ್ನ ಕಡೆ ನೋಡಿ, "ಅಮ್ಮ ಹಾವೇರಿಯವ್ರು ಆಗಿಹೋದ್ರಲೆ" ಎಂದರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅಮ್ಮನಿಗೆ ಮಾತು ಅರ್ಥವಾಗಲಿಲ್ಲ, ನಗು ಅರ್ಥವಾಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಅಮ್ಮ ಸಣ್ಣ ಸಣ್ಣ ವಾಕ್ಯ ಆಡುತ್ತಿದ್ದರು. ಆದರೂ ಗಂಡನ ಸಿದ್ದಾಪುರದ ಮಾತಿನ ಓಟ ಹಿಡಿಯಲು ಆಗುತ್ತಿರಲಿಲ್ಲ. ಅವರಿಬ್ಬರ ನಡುವೆ ನಾನು ಕೂರುತ್ತಿದ್ದೆ. ಅವರು ಹೇಳಿದ್ದನ್ನು ಬಿಡಿಸಿ ಇವರಿಗೆ, ಇವರು ಹೇಳಿದ್ದನ್ನು ಸರಿಮಾಡಿ ಅವರಿಗೆ. ಮೂವತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದ ಗಂಡಹೆಂಡಿರ ನಡುವೆ ಇಪ್ಪತ್ತು ವರ್ಷದ ನಾನು ದುಭಾಷಿ. ಹೆಚ್ಚಾಗಿ ಗಂಜಿಯ ಮಾತು, ಹಾಸಿಗೆಯ ಮಾತು, ಮಗಳ ಮಾತು.

ಒಂದು ಮಧ್ಯಾಹ್ನ ಮಳೆ ಬಿಟ್ಟಿತ್ತು. ರಸ್ತೆಯಲ್ಲಿ ಗಾಡಿಯೊಂದು ಕಿರವತ್ತಿಯ ಕಡೆ ಹೊರಟಿತ್ತು. ಎತ್ತಿನ ಕೊರಳ ಗೆಜ್ಜೆ ಕೇಳಿತು. ದೊರೆಗಳು ಅದು ದೂರವಾಗುವವರೆಗೆ ಕಿವಿಗೊಟ್ಟು, "ಅವತ್ತು ಗಾಡಿ ಬರ್ಲೇ ಇಲ್ಲೆ" ಎಂದರು.

"ಯಾವ ಗಾಡಿರಿ?" ಎಂದು ಅಮ್ಮ ಕೇಳಿದರು.

"ಕೂಸು ಕೇಳ್ತಾ ಇತ್ತು. ಅಮ್ಮ ಬಂತಾ, ಅಮ್ಮ ಬಂತಾ, ಹೇಳಿ. ಬಂತು ಮಗಾ, ಗೆಜ್ಜೆ ಕೇಳ್ತಾ ಇದ್ದು ನೋಡು, ಅಂದೆ. ಎಂತದೂ ಕೇಳ್ತಿರ್ಲಿಲ್ಲೆ. ಸುಳ್ಳು ಹೇಳಿದೆ. ಕೂಸು ಕೇಳಿಸ್ಕಳ್ತಾ ಇತ್ತು. ಹಾಂಗೇ ಹೋಗೋತು."

ನಾನು ತಲೆ ತಗ್ಗಿಸಿ ಕೂತೆ. ಇದನ್ನು ಬಿಡಿಸಿ ಹೇಳುವ ಬಾಯಿ ನನಗಿರಲಿಲ್ಲ. ಆದರೆ ಸುಳ್ಳು ಎಂಬ ಮಾತು ಅಮ್ಮನಿಗೆ ಮೊದಲಿಂದಲೂ ಗೊತ್ತಿದ್ದ ಕನ್ನಡ. "ಯಾವ ಸುಳ್ಳು? ಕೂಸು ಅಂದರೆ ನಮ್ಮ ಕೂಸಾ?" ಎಂದು ನನ್ನ ಕೈ ಹಿಡಿದು ಅಲುಗಿಸಿದರು. ನಾನು ಒಂದೊಂದೇ ಮಾತಾಗಿ ಹೇಳಿದೆ. ಹುಡುಗ ಕನ್ನಡದಲ್ಲೇ ಕೇಳಿದ್ದ. ಕೆಲಸದವರ ಮಡಿಲಲ್ಲಿ ಬೆಳೆದ ಅವನಿಗೆ ಜ್ವರದಲ್ಲಿ ಬರುತ್ತಿದ್ದದ್ದು ಆ ಮಾತೇ. ತಂದೆಯೂ ಅದರಲ್ಲೇ ಉತ್ತರ ಕೊಟ್ಟಿದ್ದರು.

ಅಮ್ಮ ನನ್ನ ಕೈ ಬಿಟ್ಟು ಗಂಡನ ಕಡೆ ತಿರುಗಿ, "ನನಗೆ ಯಾಕೆ ಹೇಳಲಿಲ್ಲ?" ಎಂದರು. ಇದನ್ನು ತಿದ್ದುವ ಅಗತ್ಯವಿರಲಿಲ್ಲ.

"ಸಿದ್ದಾಪುರದಲ್ಲಿ ಎಲ್ಲರ ಹತ್ರ ಹೇಳಿದೆ" ಎಂದರು ದೊರೆಗಳು. "ಹೋದಹೋದ ಜಗಲಿ ಮೇಲೆ ಹೇಳಿ ಅತ್ತೆ. ನಿಮ್ಮ ಹತ್ರ ಹೇಳಲೆ ಆಗ್ಲಿಲ್ಲೆ. ಆ ಮಾತು ಇಂಗ್ಲಿಷಿಗೆ ಬರ್ಲಿಲ್ಲೆ."

ಅಮ್ಮ ಎದ್ದು ಒಳಗೆ ಹೋದರು. ಆ ವಾರವೆಲ್ಲ ಅವರು ನಮ್ಮ ಮನೆಗೆ ಬರಲಿಲ್ಲ. ಗಂಡನಿಗೆ ಉಣ್ಣಿಸುವುದು, ಮೈ ಒರೆಸುವುದು, ಎಲ್ಲ ಮಾಡುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ನಾನು ಹೋದರೆ ಜಗಲಿಯಲ್ಲಿ ದೊರೆಗಳು ಒಬ್ಬರೇ. "ಅಮ್ಮಂಗೆ ಸಿಟ್ಟು ಬಂತಾ?" ಎಂದು ನನ್ನನ್ನು ಕೇಳುವರು. ಸಂತೆಯಿಂದ ಬರುವವರು ಗೋಡೆಯ ಆಚೆಯಿಂದ, "ಎಂತ ಪಾದ್ರಿಗಳೇ, ಅಡ್ಡಿಲ್ಯಾ?" ಎನ್ನುವರು. ಅವರು ಎಡಗೈ ಎತ್ತುವರು. ಜನ ಮುಂದೆ ಹೋಗುವರು. ಒಳಗೆ ಅಮ್ಮ ಕಿಟಕಿಗೆ ಬೆನ್ನು ಮಾಡಿ ಕೂತಿರುವರು. ಅಂಥ ದೊಡ್ಡ ಬಂಗಲೆಯಲ್ಲಿ ಎರಡು ಜೀವ, ಒಂದೊಂದು ಕಡೆ. 

"ಅವರಿಗೆ ನಾ ಏನರೆ ತಪ್ಪು ಹೇಳಿದ್ನೇನ್ರಿ?" ಎಂದು ನಮ್ಮವರನ್ನು ಕೇಳಿದೆ.

"ನೀ ಇದ್ದದ್ದು ಹೇಳೀದಿ" ಎಂದರು ಅವರು. "ಆಕೀಗೂ ಈಗ ತಿಳೀತು, ಊರೆಲ್ಲ ಅವರ ಮಗನ ಸಲುವಾಗಿ ಅತ್ತದ್ದು. ತಾ ಒಬ್ಬಾಕಿನ ಬ್ಯಾರೆ ಅತ್ತದ್ದು. ಸ್ವಲ್ಪ ದಿನ ಬೇಕಾಗ್ತದ."

ಅಮ್ಮ ಮತ್ತೆ ಬಂದದ್ದು ಒಂದು ಸೋಮವಾರ. ಮಣೆಯ ಮೇಲೆ ಕೂತರು. ಮುಖ ಇಳಿದಿತ್ತು. "ಬಾಯಿ, ಇನ್ನೂ ಕೇಳಬೇಕು. ಎಲ್ಲಾ ಕೇಳಬೇಕು. ಯಾರು ತೊಳೆದರು, ಯಾವ ಬಟ್ಟೆ, ಯಾವ ಹಾಡು. ಹೇಗೆ ಕೇಳಲಿ?"

"ಪೂರ್ತಿ ಹೇಳ್ರಿ, ಅನ್ರಿ" ಎಂದೆ. "ಅವರು ಹೇಳ್ತಾರ್ರಿ."

ಅಂದಿನಿಂದ ಅವರು ಕಲಿತ ರೀತಿಯೇ ಬೇರೆಯಾಯಿತು. ಮೊದಲು ಮಾತು ಕೊಂಡುಕೊಳ್ಳಲು ಬಂದವರ ಹಾಗೆ ಕೇಳುತ್ತಿದ್ದರು. ಈಗ ನಾನು ನೀರು ಸೇದುವಾಗ, ಬಟ್ಟೆ ಒಣಗಿಸುವಾಗ ಪಕ್ಕದಲ್ಲಿ ನಿಂತು ಸುಮ್ಮನೆ ಕೇಳುವರು. ಓಣಿಯ ಹೆಂಗಸರೊಡನೆಯೂ ಮಾತಿಗೆ ನಿಲ್ಲುವರು. ಅವರಿಗೆ "ಎಂತ", "ಇಲ್ಲೆ" ಬೇಕಾಗಿತ್ತು, ಗಂಡನ ಮಾತು ಅದು. ಅವರ ಜೊತೆ ನಿಂತೂ ನಿಂತೂ ನನ್ನ ಬಾಯಿಗೂ ಅದು ಬರಹತ್ತಿತು, ಓಣಿಯೂ ಹತ್ತಿರವಾಯಿತು. ಬಂಗಲೆಯಲ್ಲಿ ನನ್ನ ಕೆಲಸ ಕಡಿಮೆಯಾಗುತ್ತ ಬಂತು. ಎಷ್ಟೋ ಸಲ ನಾನು ಬಾಯಿ ತೆರೆಯುವುದರೊಳಗೆ ಅಮ್ಮ, "ತಿಳೀತು, ತಿಳೀತು" ಎನ್ನುವರು.

ದಸರೆ ಮುಗಿದ ಮೇಲೆ ಅವರ ಮಿಶನ್ನಿನವರಿಂದ ಪತ್ರ ಬಂತು. ದೊರೆಗಳಿಗೆ ನಿವೃತ್ತಿ; ಬಂಗಲೆಗೆ ಹೊಸಬರು ಬರುತ್ತಾರೆ; ಇಬ್ಬರೂ ಊರಿಗೆ ಹೊರಡಬೇಕು. ಊರು ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಸ್ವಂತ ಮಗಳೊಡನೆಯೂ ದೊರೆಗಳಿಗೆ ಮಾತಿಲ್ಲ. ನಾನು ಇದನ್ನು ಬಾಯಿಬಿಟ್ಟು ಅಂದೆನೋ ಏನೋ, ಅಮ್ಮ ಹೇಳಿದರು: "ನಾನು ಇದ್ದೇನಲ್ಲ. ಒಬ್ಬರು ಸಾಕು, ಬಾಯಿ." 

ಹೊರಡುವ ಮೊದಲು ಸಿದ್ದಾಪುರಕ್ಕೆ ಹೋಗಿಬರಬೇಕು ಎಂದರು. ಮಗನನ್ನು ಮಣ್ಣು ಮಾಡಿದಲ್ಲಿ ಅವರಿಬ್ಬರೂ ಒಟ್ಟಿಗೆ ಒಮ್ಮೆಯೂ ನಿಂತಿರಲಿಲ್ಲವಂತೆ. ಅಮ್ಮ ಒಬ್ಬರೇ ಹೋಗುತ್ತಿದ್ದರು, ದೊರೆಗಳು ಒಬ್ಬರೇ ಹೋಗುತ್ತಿದ್ದರು. ಮಾತಿಗೆ ತೊಡಕಾದರೆ ಬೇಕಾದೀತು ಎಂದು ನನ್ನನ್ನೂ ಕರೆದರು. ನಮ್ಮವರು ಹೋಗಿ ಬಾ ಎಂದರು.

ಕರೀಂ ಸಾಹೇಬರು ಮೋಟಾರಿನ ಹಿಂದಿನ ಸೀಟಿಗೆ ತಮ್ಮ ಮನೆಯ ಗಾದಿ ಹಾಸಿದ್ದರು. ಬೆಳಿಗ್ಗೆ ಬೇಗ ಬಿಟ್ಟು ಶಿರಸಿಯಲ್ಲಿ ನಿಂತು ಚಹಾ ಕುಡಿದೆವು. ದಾರಿಯುದ್ದಕ್ಕೂ ದೊರೆಗಳು ಅದು ಯಾರ ಮನೆ, ಇದು ಯಾವ ಹಳ್ಳ ಎಂದು ಹೇಳುತ್ತಲೇ ಇದ್ದರು. ಅಮ್ಮ ಹೂಂಗುಡುತ್ತಿದ್ದರು. ಸಿದ್ದಾಪುರದ ಹಳೆಯ ಮಿಶನ್ ಮನೆಯ ಹಿಂದೆ, ಗೇರುಮರಗಳ ಆಚೆ, ಆ ಜಾಗ. ಸಣ್ಣ ಕಲ್ಲು, ಸುತ್ತಲೂ ಹುಲ್ಲು ಬೆಳೆದಿತ್ತು. ಸಾಹೇಬರು ದೊರೆಗಳಿಗೆ ಹೆಗಲು ಕೊಟ್ಟು ನಡೆಸಿಕೊಂಡು ಬಂದರು. ಪಕ್ಕದ ಮನೆಯಿಂದ ಒಂದು ಕುರ್ಚಿ ತಂದು ಕೂರಿಸಿದರು. ಅಮ್ಮ ಕಲ್ಲಿನ ಪಕ್ಕ ನೆಲದ ಮೇಲೆಯೇ ಕೂತರು. ನಾನು ಎಂದಿನಂತೆ ಇಬ್ಬರ ನಡುವೆ, ಸ್ವಲ್ಪ ಹಿಂದೆ ನಿಂತೆ.

ದೊರೆಗಳು ಎಡಗೈಯಿಂದ ಮನೆಯ ಕಡೆ ತೋರಿಸಿ ಏನೋ ಹೇಳಲು ಬಾಯಿ ತೆರೆದರು. ಅಮ್ಮ ತಿರುಗಿ ನನ್ನ ಮುಖ ನೋಡಿದರು.

"ಬಾಯಿ, ನೀವು ಮೋಟಾರಿನ ಹತ್ತಿರ ಕೂಡ್ರಿ. ನಾವೇ ಮಾತಾಡ್ತೇವಿ."

ನಾನು ಗೇರುಮರಗಳನ್ನು ದಾಟಿ ರಸ್ತೆಗೆ ಬಂದೆ. ಸಾಹೇಬರು ಗಾಲಿಯ ಕೆಸರು ಕೆರೆಯುತ್ತಿದ್ದರು. ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು. ದೊರೆಗಳು ಕೈಯಾಡಿಸುತ್ತ ಹೇಳುತ್ತಿದ್ದರು, ಅಮ್ಮ ತಲೆಯಾಡಿಸುತ್ತಿದ್ದರು. ಆಮೇಲೆ ಅಮ್ಮ ಹೇಳತೊಡಗಿದರು, ಬಹಳ ಹೊತ್ತು, ದೊರೆಗಳು ಬಗ್ಗಿ ಕೇಳುತ್ತಿದ್ದರು. ಮಾತು ನಮ್ಮವರೆಗೆ ಬರುತ್ತಿರಲಿಲ್ಲ.

"ಏನು ಹೇಳ್ತಾರೆ ಬಾಯಾರೆ, ಅಷ್ಟು?" ಎಂದರು ಸಾಹೇಬರು.

"ಗೊತ್ತಿಲ್ರಿ" ಎಂದೆ.

ಅವರು ಆಕಾಶ ನೋಡಿದರು. "ಶಿರಸಿ ದಾಟೋದ್ರೊಳಗೆ ಕತ್ತಲಾಗ್ತದೆ. ಕರೀಲೇನು?"

"ಬ್ಯಾಡ್ರಿ" ಎಂದೆ. ಸಾಹೇಬರು ಕೈ ಒರೆಸಿಕೊಂಡು ಮೋಟಾರಿನ ಮೆಟ್ಟಿಲ ಮೇಲೆ ಕೂತರು. ನಾನೂ ಒಂದು ಕಲ್ಲು ನೋಡಿ ಕೂತೆ. ಬಿಸಿಲು ಗೇರುಮರಗಳ ಹಿಂದಕ್ಕೆ ಇಳಿಯಿತು, ಅವರು ಇನ್ನೂ ಮಾತಾಡುತ್ತಿದ್ದರು.